ಸೇವಂತಿಗೆಗೆ ಕತ್ತಲೆ ಬೇಕು

ಧಾರವಾಡದ ನಮ್ಮ ಮನೆಯಲ್ಲಿ ಒಂದೇ ತಾಯಿಗಿಡದ ಎರಡು ಸೇವಂತಿಗೆ ಮರಿಗಳನ್ನು ನೆಟ್ಟಿದ್ದೆ. ಒಂದು ಹಿತ್ತಲಲ್ಲಿ, ಒಂದು ಗೇಟಿನ ಪಕ್ಕ. ಮಣ್ಣು ಅದೇ, ಗೊಬ್ಬರ ಅದೇ. ದೀಪಾವಳಿ ಹೊತ್ತಿಗೆ ಹಿತ್ತಲಿನ ಗಿಡ ಹೂವಿನ ಭಾರಕ್ಕೆ ನೆಲ ಮುಟ್ಟಿತ್ತು. ಗೇಟಿನ ಪಕ್ಕದ್ದು ಹಸಿರಾಗಿ, ದಟ್ಟವಾಗಿ ಬೆಳೆದಿತ್ತು. ಒಂದು ಮೊಗ್ಗೂ ಇರಲಿಲ್ಲ. ಒಂದು ರಾತ್ರಿ ಗೇಟಿಗೆ ಬೀಗ ಹಾಕುವಾಗ ಕಾರಣ ಕಂಡಿತು. ಬೀದಿ ದೀಪ ನೇರ ಅದರ ಮೇಲೆ ಬೀಳುತ್ತಿತ್ತು. ಗೋಡೆಯ ಮೇಲೆ ಎಲೆಗಳ ನೆರಳನ್ನು ಎಣಿಸಬಹುದಿತ್ತು.

ಸೇವಂತಿಗೆ ರಾತ್ರಿಯನ್ನು ಅಳೆಯುವ ಗಿಡ. ನಮ್ಮ ಭಾಗದಲ್ಲಿ ಜೂನ್ ಕೊನೆಗೆ ಹಗಲು ಸುಮಾರು 13 ಗಂಟೆ, ರಾತ್ರಿ 11 ಗಂಟೆ. ಡಿಸೆಂಬರಿನಲ್ಲಿ ರಾತ್ರಿ 12 ಮುಕ್ಕಾಲು ಗಂಟೆಯ ಹತ್ತಿರ ಬರುತ್ತದೆ. ನಮಗೆ ಇದು ಸಣ್ಣ ವ್ಯತ್ಯಾಸ, ಗಿಡಕ್ಕೆ ಅಲ್ಲ. ಎಲೆಯಲ್ಲಿ ಫೈಟೋಕ್ರೋಮ್ ಎಂಬ ಬಣ್ಣದ ಪ್ರೋಟೀನ್ ಇದೆ. ಬೆಳಕು ಬಿದ್ದರೆ ಅದು ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲಲ್ಲಿ ನಿಧಾನವಾಗಿ ಹಳೆಯ ರೂಪಕ್ಕೆ ಮರಳುತ್ತದೆ. ಕತ್ತಲೆ ಸಾಕಷ್ಟು ಹೊತ್ತು ಕದಲದೆ ಉಳಿದರೆ ಮಾತ್ರ ಕುಡಿ ಎಲೆ ಬಿಡುವುದನ್ನು ನಿಲ್ಲಿಸಿ ಮೊಗ್ಗು ಕಟ್ಟುತ್ತದೆ. ಎಷ್ಟು ಹೊತ್ತು ಅನ್ನೋದು ತಳಿಯಿಂದ ತಳಿಗೆ ಬೇರೆ.

ಈ ‘ಕದಲದೆ’ ಅನ್ನೋದೇ ಮುಖ್ಯ. ಹಳ್ಳದ ದಂಡೆಯಲ್ಲಿ ಬೆಳೆದು ಅಂಗಿಗೆ ಅಂಟುವ ಮುಳ್ಳುಕಾಯಿಯ ಮರುಳುಮತ್ತಿ ಗೊತ್ತಲ್ವಾ? ಅದೇ ಜಾತಿಯ ಕಳೆಯ ಮೇಲೆ ಹ್ಯಾಮ್ನರ್ ಮತ್ತು ಬಾನರ್ ಎಂಬ ವಿಜ್ಞಾನಿಗಳು 1938ರಲ್ಲಿ ಪ್ರಯೋಗ ಮಾಡಿದರು. ಉದ್ದನೆಯ ರಾತ್ರಿಯ ನಡುವೆ ಒಂದೇ ನಿಮಿಷ ಬೆಳಕು ಬಿಟ್ಟರೂ ಗಿಡ ಹೂ ಬಿಡಲಿಲ್ಲ. ಹಗಲನ್ನು ನಡುವೆ ಮುರಿದರೆ ಏನೂ ಆಗಲಿಲ್ಲ. ಹುಣ್ಣಿಮೆ ಬೆಳಕಿಗೆ ಹೆದರಬೇಕಿಲ್ಲ, ಅದು ಬಹಳ ಮಂದ. ಸೇವಂತಿಗೆಯ ಗಡಿಯಾರ ಕೆಡಿಸುವುದು ನಾವು ರಾತ್ರಿಯಿಡೀ ಹಚ್ಚಿಡುವ ದೀಪ. ಊರ ತಳಿಯ ಸೇವಂತಿಗೆಗೂ ಇದೇ ಸ್ವಭಾವ. ಚೆಂಡು ಹೂ ಇಷ್ಟು ಹಟ ಮಾಡುವುದಿಲ್ಲ.

ಹಾಗಾಗಿ ಮಿರಗದ ಮಳೆ ಬಿದ್ದ ಮೇಲೆ ಮರಿ ನೆಡುವಾಗ ಜಾಗವನ್ನು ಹಗಲು ಒಮ್ಮೆ, ರಾತ್ರಿ ಒಮ್ಮೆ ನೋಡಿ. ಹಗಲು ಬಿಸಿಲು ಬೇಕು, ರಾತ್ರಿ ಕತ್ತಲೆ ಬೇಕು. ಬರೀ ಎರೆ ಮಣ್ಣಲ್ಲಿ ನೆಡಬೇಡಿ. ಅದು ನೀರು ಕುಡಿದು ಉಬ್ಬಿ ಗಾಳಿಯ ಸಂದುಗಳನ್ನು ಮುಚ್ಚುತ್ತದೆ, ಜುಲೈನ ಜಿಟಿಜಿಟಿ ಮಳೆಗೆ ಬೇರು ಕೊಳೆಯುತ್ತದೆ. ಮಸಾರಿ ಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ, ಮಡಿ ಸ್ವಲ್ಪ ಎತ್ತರಿಸಿ. ಗಿಡ ಗೇಣುದ್ದ ಆದಾಗ ತುದಿ ಚಿವುಟಿ. ಪಕ್ಕದ ಮೊಳಕೆಗಳನ್ನು ತಡೆಹಿಡಿಯುವ ಆಕ್ಸಿನ್ ಹಾರ್ಮೋನು ಬರುವುದು ಆ ತುದಿಯಿಂದಲೇ. ತುದಿ ಹೋದರೆ ಕವಲು ಜಾಸ್ತಿ, ಹೂವೂ ಜಾಸ್ತಿ. ಆದರೆ ಆಗಸ್ಟ್ ದಾಟಿದ ಮೇಲೆ ಚಿವುಟಬೇಡಿ, ಮೊಗ್ಗೇ ಕೈಗೆ ಬಂದೀತು.

ಗೇಟಿನ ಪಕ್ಕದ ಗಿಡದ ಬುಡದಲ್ಲಿ ಎದ್ದ ಮರಿಗಳನ್ನು ಮರುವರ್ಷ ನೀರಿನ ಟಾಕಿಯ ಹಿಂದೆ ನೆಟ್ಟೆ. ದಸರಾ ಮುಗಿದ ವಾರ, ಕುಡಿಯ ನಡುವೆ ಮೆಂತೆಕಾಳಿನಷ್ಟು ಮೊಗ್ಗುಗಳು ಕಂಡವು.