ಹುಲಿ ಉಗುರಲ್ಲಿ ಹುಲಿ ಇಲ್ಲ

ಕಳೆದ ಬೇಸಿಗೆಯಲ್ಲಿ ಚಿಕ್ಕಮಗಳೂರಿನಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತವನು ನನ್ನ ಹಳೆಯ ವಿದ್ಯಾರ್ಥಿ. ಬಗ್ಗಿ ಎಲೆಗೆ ನೀರು ಚಿಮುಕಿಸುವಾಗ ಅಂಗಿಯೊಳಗಿಂದ ಪದಕ ಜಾರಿ ಹೊರಬಂತು. ಮೇಲೆ ಚಿನ್ನದ ಕಟ್ಟು, ಕೆಳಗೆ ಬಾಗಿದ, ಹಳದಿಗಟ್ಟಿದ ಉಗುರು, ಅದರ ಉದ್ದಕ್ಕೂ ಕೂದಲೆಳೆಯಂಥ ಸೀಳು. ತಟ್ಟನೆ ಒಳಗೆ ಸೇರಿಸಿಕೊಂಡ.

"ಅಜ್ಜಂದು ಮೇಷ್ಟ್ರೇ. ಹಾಕ್ಕೊಂಡ್ರೆ ಎದೆಗಾರಿಕೆ ಬರುತ್ತೆ ಅಂತಾರೆ."

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹುಲಿಯ ಉಗುರು, ಅದನ್ನು ಹಿಡಿದಿದ್ದ ಅವನ ಬೆರಳಿನ ಉಗುರು, ಎಮ್ಮೆಯ ಕೊಂಬು, ಚಿಪ್ಪುಹಂದಿಯ ಚಿಪ್ಪು, ಉಂಗುರಕ್ಕೆ ಸುತ್ತುವ ಆನೆಬಾಲದ ಕೂದಲು, ಎಲ್ಲದರ ಸರಕೂ ಒಂದೇ. ಅದು ಕೆರಟಿನ್ ಎಂಬ ಪ್ರೋಟೀನು.

ಅದರ ಕಟ್ಟೋಣ ಎಷ್ಟು ಸಲ ಓದಿದರೂ ಬೆರಗೇ. ಪ್ರೋಟೀನಿನ ಮಣಿಗಳಾದ ಅಮೈನೋ ಆಮ್ಲಗಳ ಸರವೊಂದು ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಎರಡು ಸುರುಳಿಗಳು ಒಂದನ್ನೊಂದು ತಬ್ಬಿ ಹುರಿಯಾಗುತ್ತವೆ. ಹುರಿಗೆ ಹುರಿ ಸೇರಿ ಎಳೆ, ಎಳೆಗೆ ಎಳೆ ಸೇರಿ ಹಗ್ಗ. ಬೇಲೂರಿನ ತೇರಿಗೆ ಕೈಹಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂಟಿ ನಾರನ್ನು ಮಗುವೂ ಕಿತ್ತೀತು, ಹೊಸೆದ ಮೇಲೆ ಅದಕ್ಕೆ ತೇರೇ ಅಲುಗುತ್ತದೆ. ಆದರೆ ಬರೀ ಹಗ್ಗ ಸಾಲದು, ಎಳೆಗಳು ಜಾರದಂತೆ ಅಡ್ಡಗಟ್ಟು ಬೇಕು. ಆ ಕೆಲಸ ಗಂಧಕದ್ದು. ಒಂದು ಎಳೆಯ ಗಂಧಕದ ಪರಮಾಣು ಪಕ್ಕದೆಳೆಯ ಗಂಧಕದ ಕೈ ಹಿಡಿಯುತ್ತದೆ, ಏಣಿಯ ಎರಡು ಗಳುಗಳ ನಡುವಿನ ಮೆಟ್ಟಿಲಿನ ಹಾಗೆ. ಮೆಟ್ಟಿಲು ಒತ್ತೊತ್ತಾದಷ್ಟೂ ಸರಕು ಗಟ್ಟಿ. ಬ್ಯೂಟಿ ಪಾರ್ಲರಿನಲ್ಲಿ ಗುಂಗುರು ಕೂದಲನ್ನು ನೆಟ್ಟಗಾಗಿಸುವ ರಾಸಾಯನಿಕ ಬಿಚ್ಚುವುದು ಈ ಗಂಟುಗಳನ್ನೇ. ಕೂದಲು ಸುಟ್ಟಾಗ ಮೂಗಿಗೆ ಬಡಿಯುವ ವಾಸನೆಯಲ್ಲೂ ಈ ಗಂಧಕದ ಪಾಲಿದೆ.

ಈ ಸುರುಳಿ ಸಿಕ್ಕ ಕಥೆ ಶುರುವಾಗುವುದೂ ಬಟ್ಟೆಯಿಂದಲೇ. 1930ರ ದಶಕದಲ್ಲಿ ಇಂಗ್ಲೆಂಡಿನ ಜವಳಿ ಊರಾದ ಲೀಡ್ಸ್‌ನಲ್ಲಿ ವಿಜ್ಞಾನಿ ವಿಲಿಯಂ ಆಸ್ಟ್‌ಬರಿ ಉಣ್ಣೆಯ ಎಳೆಗೆ ಎಕ್ಸ್-ರೇ ಹಾಯಿಸಿದರು. ಎಳೆದು ಹಿಡಿದಾಗ ಒಂದು ಚಿತ್ರ, ಬಿಟ್ಟಾಗ ಇನ್ನೊಂದು. ಒಳಗಿನ ಆಕಾರ ಮಾತ್ರ ಸರಿಯಾಗಿ ಕೈಗೆ ಸಿಗಲಿಲ್ಲ. 1948ರಲ್ಲಿ ನೆಗಡಿ ಹಿಡಿದು ಆಕ್ಸ್‌ಫರ್ಡ್‌ನಲ್ಲಿ ಮಲಗಿದ್ದ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್, ಕಾಗದದ ಮೇಲೆ ಪ್ರೋಟೀನಿನ ಸರಪಳಿ ಬರೆದು ಮಡಿಸುತ್ತ ಮಡಿಸುತ್ತ ಆ ಸುರುಳಿಯನ್ನು ಹಿಡಿದರು. ಪ್ರಕಟವಾದದ್ದು 1951ರಲ್ಲಿ. ಕುರಿಯ ಉಣ್ಣೆಗೆ ಒಪ್ಪಿದ ಲೆಕ್ಕವೇ ಹುಲಿಯ ಉಗುರಿಗೂ ಒಪ್ಪುತ್ತದೆ.

ಹಾಗಾದರೆ ಹುಲಿಯ ಪಂಜದ ಬಲ ಎಲ್ಲಿದೆ? ಸೈಕಲ್ಲಿನ ಬ್ರೇಕು ನೆನಪಿಸಿಕೊಳ್ಳಿ. ಸುಮ್ಮನಿದ್ದಾಗ ಸ್ಪ್ರಿಂಗು ಬ್ರೇಕಿನ ಕಟ್ಟೆಯನ್ನು ಚಕ್ರದಿಂದ ದೂರ ಇಟ್ಟಿರುತ್ತದೆ. ಹಿಡಿ ಒತ್ತಿದಾಗ ತಂತಿ ಎಳೆದು ಅದು ಚಕ್ರವನ್ನು ಕಚ್ಚುತ್ತದೆ. ಹುಲಿಯ ಬೆರಳಿನ ತುದಿಮೂಳೆಯನ್ನು ಹಿಂದಕ್ಕೆ ಎಳೆದಿಡುವುದು ರಬ್ಬರಿನಂಥ ಬಂಧಕ. ಮುಂಗಾಲಿನ ಸ್ನಾಯು ಎಳೆದಾಗ ಆ ಮೂಳೆ ಮುಂದೆ ಮಡಚಿ, ಅದರ ಮೇಲೆ ಒರೆಯಂತೆ ಕೂತ ಉಗುರು ಹೊರಚಾಚುತ್ತದೆ. ಮೂಳೆಯಿಂದ ಕಿತ್ತ ಉಗುರು ಒಳಗೆ ಪೊಳ್ಳಾದ ಒರೆ ಅಷ್ಟೇ, ಸತ್ತ ಜೀವಕೋಶಗಳ ಪದರ. ಕಾಡಿನಲ್ಲಿ ಹುಲಿ ಮರದ ತೊಗಟೆಗೆ ಕೆರೆದು ಅದರ ಹಳೆಯ ಹೊರಪದರವನ್ನು ತಾನೇ ಉದುರಿಸಿಕೊಳ್ಳುತ್ತದೆ.

ಎದೆಗಾರಿಕೆ ಅಂದಾಗ ನಮ್ಮ ಕಡೆ ಸಳನ ಹೆಸರು ಬಂದೇ ಬರುತ್ತದೆ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರೇ ಅವನ ಕಥೆ ನಡೆದ ಹಿಂದಿನ ಸೊಸೆವೂರು. "ಹೊಯ್, ಸಳ" ಎಂದ ಗುರುವಿನ ಜೀವ ಉಳಿಸಲು ಅವನು ಹುಲಿಗೆ ಎದುರಾದ ಎನ್ನುತ್ತದೆ ಕಥೆ. ಕೊರಳಿಗೆ ಕಟ್ಟಿಕೊಳ್ಳಲು ಕೊಂದ ಎಂದು ಯಾರೂ ಹೇಳುವುದಿಲ್ಲ.

ಒಂದು ಲೆಕ್ಕ ಹಾಕೋಣ. ಹುಲಿಗೆ ಮುಂಗಾಲಿನಲ್ಲಿ ಐದೈದು, ಹಿಂಗಾಲಿನಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರು. 2022ರ ಗಣತಿಯಂತೆ ಕರ್ನಾಟಕದ ಹುಲಿಗಳು 563. ಭದ್ರಾ, ಬಂಡೀಪುರ, ನಾಗರಹೊಳೆ ಎಲ್ಲ ಸೇರಿಸಿ ಒಂದನ್ನೂ ಬಿಡದೆ ಕೊಂದರೂ ಸಿಗುವುದು 10,134 ಉಗುರು. ಊರಿನ ಎಲ್ಲ ಕೊರಳಿಗೂ ಅದು ಸಾಲುವುದಿಲ್ಲ. ಹಾಗಾಗಿಯೇ ದನದ ಕೊಂಬು, ಗೊರಸು ಕೆತ್ತಿ ಮಾರುವವರಿಗೆ ಅಷ್ಟು ವ್ಯಾಪಾರ. ನಕಲಿಯಿಂದ ಹುಲಿಗೆ ತೊಂದರೆಯೇನು ಎಂದು ಕೇಳುವವರಿದ್ದಾರೆ. ತೊಂದರೆ ಇದೆ. ನಕಲಿ ಧರಿಸಿದವನೂ ಆಸೆಯನ್ನು ಜೀವಂತ ಇಡುತ್ತಾನೆ, ಆ ಆಸೆಯೇ ಉರುಳು ಹಾಕುವವನಿಗೆ ಬಂಡವಾಳ.

2023ರ ಅಕ್ಟೋಬರಿನಲ್ಲಿ ಹುಲಿ ಉಗುರು ಧರಿಸಿದ್ದಕ್ಕೆ ರಿಯಾಲಿಟಿ ಶೋ ಸ್ಪರ್ಧಿಯೊಬ್ಬರ ಬಂಧನವಾದ ಮೇಲೆ ಎಷ್ಟೋ ಪದಕಗಳು ಕಪಾಟು ಸೇರಿದವು. ವನ್ಯಜೀವಿ ಸಂರಕ್ಷಣಾ ಕಾನೂನು 1972ರಿಂದಲೂ ಇದೆ, ಅಜ್ಜನ ಕಾಲದ್ದು ಎಂದ ಮಾತ್ರಕ್ಕೆ ಬಿಡುವುದಿಲ್ಲ. ಇಂಥ ವಸ್ತುಗಳನ್ನು ಘೋಷಿಸಿಕೊಳ್ಳಲು 2003ರಲ್ಲಿ 180 ದಿನಗಳ ಅವಕಾಶವನ್ನೂ ಕೊಟ್ಟಿದ್ದರು. ಹೊರಗಿನ ಫ್ಯಾಷನ್ ಲೋಕವೂ ಬದಲಾಗುತ್ತಿದೆ. ಹಾವು, ಮೊಸಳೆ ಚರ್ಮದ ಚೀಲಗಳನ್ನೂ ಮಾರುತ್ತಿದ್ದ ಪ್ಯಾರಿಸ್ಸಿನ ಶನೆಲ್ ಕಂಪನಿ 2018ರಲ್ಲಿ ಅವನ್ನು ಕೈಬಿಟ್ಟಿತು. ಭಾರತ 2017ರಲ್ಲೇ ಸರೀಸೃಪಗಳ ಚರ್ಮದ ಆಮದು ನಿಲ್ಲಿಸಿತು. ಪ್ಯಾರಿಸ್ಸಿಗೆ ಬಂದ ಈ ವಿವೇಕ ನಮ್ಮ ಮದುವೆ ಛತ್ರಕ್ಕೂ ಬರಬೇಕು.

ಅಂದು ಊಟ ಮುಗಿಯುವವರೆಗೂ ಆ ಹುಡುಗನಿಗೆ ಇದನ್ನೇ ಹೇಳಿದೆ. ವಾರ ಕಳೆದು ಫೋನ್ ಬಂತು. ಅಕ್ಕಸಾಲಿಯ ಹತ್ತಿರ ಚಿನ್ನದ ಕಟ್ಟು ಬಿಚ್ಚಿಸಿದನಂತೆ. ಒಳಗೆ ಪೊಳ್ಳೇ ಇರಲಿಲ್ಲ. ಗಟ್ಟಿ ಕೊಂಬು, ಬುಡದಲ್ಲಿ ಅರ ಉಜ್ಜಿದ ಗೀರು.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಅಜ್ಜ ಇದನ್ನ ಹಾಕ್ಕೊಂಡೇ ಮೂವತ್ತು ವರ್ಷ ಒಬ್ರೇ ರಾತ್ರಿ ತೋಟ ಕಾದಿದ್ರು ಮೇಷ್ಟ್ರೇ."