ಮನೆಮಂದಿಯ ಟ್ಯಾಬ್ಲೆಟ್‌ನಲ್ಲಿ ಒಬ್ಬೊಬ್ಬರ ಖಾಸಗಿತನ

ಹಲವರು ಒಂದೇ ಕಂಪ್ಯೂಟರನ್ನು ಬಳಸುವಾಗ ಒಬ್ಬರ ಕಡತ ಇನ್ನೊಬ್ಬರಿಗೆ ಕಾಣದಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಹೊಸದೇನಲ್ಲ. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ 1961ರಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಹಲವು ಸಂಶೋಧಕರು ಬೇರೆ ಬೇರೆ ಟರ್ಮಿನಲ್‌ಗಳಿಂದ ಒಂದೇ ಯಂತ್ರವನ್ನು ಹಂಚಿಕೊಳ್ಳುತ್ತಿದ್ದರು. ಅವರವರ ಕಡತ ಅವರವರಿಗೇ ಉಳಿಯಲೆಂದು ಆ ಯೋಜನೆಯ ಮುಂದಾಳು ಫರ್ನಾಂಡೊ ಕಾರ್ಬಟೊ ಅದಕ್ಕೆ ಪಾಸ್‌ವರ್ಡ್ ಅಳವಡಿಸಿದರು. ಮುಂದೆ ಬಂದ ಯುನಿಕ್ಸ್ ಮತ್ತು ಅದರ ಮಾದರಿಯಲ್ಲಿ ರೂಪುಗೊಂಡ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಳು ಪ್ರತಿ ಬಳಕೆದಾರನಿಗೂ ಒಂದು ಗುರುತುಸಂಖ್ಯೆ ಕೊಟ್ಟು, ಯಾವ ಕಡತವನ್ನು ಯಾರು ತೆರೆಯಬಹುದೆಂಬುದನ್ನು ಆ ಸಂಖ್ಯೆಯನ್ನು ನೋಡಿಯೇ ತೀರ್ಮಾನಿಸುತ್ತಿದ್ದವು.

ಫೋನು ಬಂದಾಗ ಈ ಏರ್ಪಾಡು ಬೇರೊಂದು ಕೆಲಸಕ್ಕೆ ಬಳಕೆಯಾಯಿತು. ಲಿನಕ್ಸ್‌ನ ತಿರುಳಿನ (ಕರ್ನೆಲ್, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ) ಮೇಲೆ ಕಟ್ಟಿದ ಆಂಡ್ರಾಯ್ಡ್, ಫೋನಿಗೆ ಒಬ್ಬರೇ ಒಡೆಯರೆಂದು ಭಾವಿಸಿ, ಗುರುತುಸಂಖ್ಯೆಗಳನ್ನು ಮನುಷ್ಯರ ಬದಲು ಆ್ಯಪ್‌ಗಳಿಗೆ ಹಂಚಿತು. ಒಂದು ಆ್ಯಪ್ ಮತ್ತೊಂದರ ಮಾಹಿತಿಗೆ ಕೈಹಾಕದಂತೆ ತಡೆಯುವುದಕ್ಕೆ ಇದು ಬಹಳ ಒಳ್ಳೆಯ ಉಪಾಯ. ಆದರೆ ಟ್ಯಾಬ್ಲೆಟ್ ಫೋನಿನಂತೆ ಒಬ್ಬರ ಜೇಬು ಸೇರುವ ವಸ್ತುವಲ್ಲ. ಮಗು ಪಾಠ ಕೇಳಿದ ತೆರೆಯ ಮೇಲೆಯೇ ತಂದೆ ಬ್ಯಾಂಕಿನ ಲೆಕ್ಕ ನೋಡುತ್ತಾರೆ, ಅಜ್ಜಿ ವೈದ್ಯರ ವರದಿ ಓದುತ್ತಾರೆ.

ಈ ಕೊರತೆಯನ್ನು ತುಂಬಲು 2012ರ ಕೊನೆಗೆ ಬಂದ ಆಂಡ್ರಾಯ್ಡ್ 4.2ರಲ್ಲಿ ಟ್ಯಾಬ್ಲೆಟ್‌ಗಳಿಗೆ ಬಹುಬಳಕೆದಾರ ಸೌಲಭ್ಯ ಸೇರಿತು. ಅದರ ಒಳಗಿನ ಲೆಕ್ಕ ಸರಳ. ಬಳಕೆದಾರನ ಸಂಖ್ಯೆಯನ್ನು 1,00,000ದಿಂದ ಗುಣಿಸಿ, ಅದಕ್ಕೆ ಆ್ಯಪ್‌ನ ಸಂಖ್ಯೆಯನ್ನು ಕೂಡಿಸಲಾಗುತ್ತದೆ. 10057 ಸಂಖ್ಯೆಯ ಆ್ಯಪ್, ಸೊನ್ನೆ ಸಂಖ್ಯೆ ಪಡೆದ ಮೊದಲ ಬಳಕೆದಾರರ ಪಾಲಿಗೆ 10057 ಆಗಿಯೇ ಉಳಿದರೆ, 10ನೇ ಸಂಖ್ಯೆಯ ಬಳಕೆದಾರರ ಪಾಲಿಗೆ 1010057 ಆಗುತ್ತದೆ. ತೆರೆಯ ಮೇಲೆ ಚಿಹ್ನೆ ಒಂದೇ ಆದರೂ ತಿರುಳಿನ ಕಣ್ಣಿಗೆ ಇವೆರಡೂ ಸಂಬಂಧವೇ ಇಲ್ಲದ ಬೇರೆ ಬೇರೆ ಆ್ಯಪ್‌ಗಳು. ಹೀಗಾಗಿ ಛಾಯಾಚಿತ್ರ, ಸಂದೇಶ, ಉಳಿಸಿಟ್ಟ ಪಾಸ್‌ವರ್ಡ್ ಎಲ್ಲವೂ ಪ್ರತ್ಯೇಕವಾಗುತ್ತವೆ. 2016ರ ಆಂಡ್ರಾಯ್ಡ್ 7.0ರಿಂದ ಪ್ರತಿ ಬಳಕೆದಾರರ ಕಡತಗಳನ್ನೂ ಬೇರೆ ಬೇರೆ ಕೀಲಿಯಿಂದ ಗೂಢಲಿಪಿಗೆ ಬದಲಾಯಿಸುವುದೂ ಸಾಧ್ಯವಾಯಿತು; ಆ ಕೀಲಿ ಅವರವರ ಪಿನ್ ಅಥವಾ ಪಾಸ್‌ವರ್ಡ್‌ಗೆ ಬೆಸೆದುಕೊಂಡಿರುತ್ತದೆ.

ಇಷ್ಟಾದರೂ ಕೆಲವು ಸಂಗತಿಗಳು ಎಲ್ಲರಿಗೂ ಸೇರಿದವಾಗಿಯೇ ಉಳಿಯುತ್ತವೆ. ವೈಫೈ ಸಂಪರ್ಕ, ಶೇಖರಣೆಯ ಜಾಗ, ಆ್ಯಪ್‌ಗಳ ಹೊಸ ಆವೃತ್ತಿ ಇವು ಅಂಥವು. ಮುಖ್ಯ ಖಾತೆಯ ಒಡೆಯರು ಇನ್ನೊಬ್ಬರ ಖಾತೆಯನ್ನು, ಅದಕ್ಕೆ ಲಾಕ್ ಹಾಕಿದ್ದರೆ, ತೆರೆದು ಓದಲಾರರು, ಅಳಿಸಿಹಾಕಬಲ್ಲರು. ಐಪ್ಯಾಡ್‌ನಲ್ಲಿ ಇಂಥ ಹಂಚಿಕೆ 2016ರಲ್ಲಿ ಶಾಲೆಗಳಿಗೆಂದು ಬಂತೇ ಹೊರತು ಮನೆಬಳಕೆಗೆ ಬರಲಿಲ್ಲ. ಮಗುವನ್ನು ಒಂದೇ ಆ್ಯಪ್‌ನೊಳಗೆ ಹಿಡಿದಿಡುವ ಸೌಲಭ್ಯ ಅದರಲ್ಲಿದೆಯಾದರೂ ಅದು ಪ್ರತ್ಯೇಕ ಖಾತೆಗೆ ಸಮನಲ್ಲ.

ಜನ ಹೆಚ್ಚಾಗಿ ಮೋಸಹೋಗುವುದು ಪ್ರೊಫೈಲ್ ವಿಷಯದಲ್ಲಿ. ಚಲನಚಿತ್ರ ತೋರಿಸುವ ಆ್ಯಪ್‌ನಲ್ಲಿ ನಮ್ಮ ಹೆಸರಿನ ಚಿತ್ರವನ್ನು ಒತ್ತಿ ಒಳಹೋಗುವಾಗ ನಮಗೊಂದು ಖಾಸಗಿ ಜಾಗ ದೊರೆತಂತೆ ಅನ್ನಿಸುತ್ತದೆ. ನಿಜದಲ್ಲಿ ಅದು ಬಾಗಿಲಿಲ್ಲದ ಕೋಣೆಗೆ ಅಂಟಿಸಿದ ಹೆಸರಿನ ಫಲಕ: ಯಾರು ಏನು ನೋಡಿದರೆಂದು ಬೇರ್ಪಡಿಸುವುದು, ಅದಕ್ಕೆ ತಕ್ಕ ಶಿಫಾರಸು ಮಾಡುವುದು ಅದರ ಕೆಲಸ. ಪಿನ್ ಇಲ್ಲದ ಪ್ರೊಫೈಲನ್ನು ಯಾರು ಬೇಕಾದರೂ ಹೊಕ್ಕು ನೋಡಬಹುದು. ಬ್ರೌಸರಿನ ಖಾಸಗಿ ಕಿಟಕಿಯೂ ಭೇಟಿಯ ಇತಿಹಾಸವನ್ನು ಉಳಿಸುವುದಿಲ್ಲವೇ ಹೊರತು ಅಲ್ಲಿಂದ ಇಳಿಸಿಕೊಂಡ ಕಡತ ಸಾಧನದಲ್ಲಿಯೇ ಇರುತ್ತದೆ. ಇನ್ನು, ಅನುಕೂಲಕ್ಕೆಂದು ಒಂದೇ ಖಾತೆಗೆ ಮನೆಯ ನಾಲ್ವರ ಬೆರಳಚ್ಚು ಸೇರಿಸಿದರೆ ಟ್ಯಾಬ್ಲೆಟ್ ಆ ನಾಲ್ವರನ್ನೂ ಒಬ್ಬರೆಂದೇ ತಿಳಿದು ಇಡೀ ಖಾತೆಯನ್ನು ತೆರೆದಿಡುತ್ತದೆ.

ಮನೆಯವರ ನಡುವೆ ಮುಚ್ಚುಮರೆ ಯಾಕೆ ಎಂದು ಕೇಳುವವರಿದ್ದಾರೆ. ಮನೆಯೊಳಗಿನ ಖಾಸಗಿತನ ಅಪನಂಬಿಕೆಯ ಗುರುತಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಇಲ್ಲಿ ನೋವು ಹುಟ್ಟುವುದು ಬಹುತೇಕ ಕೇಡು ಬಗೆಯುವವರಿಂದಲ್ಲ, ಆಕಸ್ಮಿಕವಾಗಿ ಬಿದ್ದ ಕಣ್ಣಿನಿಂದ. ಇನ್ನೂ ಯಾರಿಗೂ ಹೇಳದ ಕಾಯಿಲೆಯ ಕುರಿತ ಹುಡುಕಾಟ ಮರುದಿನ ಮಗುವಿನ ಮುಂದೆ ಜಾಹೀರಾತಾಗಿ ಬರಬಹುದು. ಹದಿಹರೆಯದವರಿಗೆ ಗೆಳತಿ ಬರೆದ ಮಾತು ಬೀಗಹಾಕಿದ ತೆರೆಯ ಮೇಲೂ ನೋಟಿಫಿಕೇಶನ್ ಆಗಿ ಕಾಣಿಸಿಕೊಳ್ಳಬಹುದು. ಬೀಗದ ತೆರೆಯ ಮೇಲೆ ಸಂದೇಶದ ಒಳಮಾತು ತೋರದಂತೆ ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಮೊದಲು ಬದಲಾಯಿಸಬೇಕಾದದ್ದು ಅದನ್ನೇ.

ಹಿರಿಯರ ವಿಷಯಕ್ಕೆ ಹೆಚ್ಚಿನ ಗಮನ ಬೇಕು. ಅವರ ಖಾತೆಯನ್ನು ಸಾಮಾನ್ಯವಾಗಿ ಮಕ್ಕಳೋ ಮೊಮ್ಮಕ್ಕಳೋ ತೆರೆದುಕೊಡುತ್ತಾರೆ, ಪಿನ್ನನ್ನೂ ಅವರೇ ಆರಿಸುತ್ತಾರೆ; ಹಾಗೆ ಆರಿಸಿದ ಕ್ಷಣದಲ್ಲೇ ಮೇಲೆ ಹೇಳಿದ ಗೂಢಲಿಪಿ, ಪ್ರತ್ಯೇಕ ಕೀಲಿ ಎಲ್ಲವೂ ಆ ಹಿರಿಯರ ಪಾಲಿಗೆ ಇಲ್ಲದಂತಾಗುತ್ತವೆ. ಸೆಟ್ಟಿಂಗ್ಸ್ ತೆರೆದು ಹೊಸ ಬಳಕೆದಾರರನ್ನು ಸೇರಿಸುವವರೆಗೆ ನೆರವಾಗಿ, ಪಿನ್ ಕೇಳುವ ಹಂತ ಬಂದಾಗ ಟ್ಯಾಬ್ಲೆಟನ್ನು ಅವರ ಕೈಗೇ ಕೊಡಬೇಕು. ಮರೆತರೆ ಗತಿಯೇನು ಎಂಬ ಅಂಜಿಕೆ ಇದ್ದರೆ, ಅವರು ಅದನ್ನು ಒಂದು ಚೀಟಿಯಲ್ಲಿ ಬರೆದು ತಮಗೆ ಬೇಕಾದ ಜಾಗದಲ್ಲಿ ಇಟ್ಟುಕೊಳ್ಳಲಿ.