ಗಂಟಿನಲ್ಲಿ ಕ್ಯಾನ್ಸರ್ ಎಷ್ಟು, ನಮ್ಮ ಮೈ ಎಷ್ಟು?

ಅಣ್ಣಿಗೇರಿಯ ನಮ್ಮ ಕಾಕಾನ ಸಿಟಿ ಸ್ಕ್ಯಾನ್ ಫಿಲ್ಮನ್ನು ಹುಬ್ಬಳ್ಳಿಯ ಮನೆಯ ಕಿಟಕಿಗೆ ಹಿಡಿದು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕಪ್ಪು ಶ್ವಾಸಕೋಶದ ನಡುವೆ ಒಂದು ಬಿಳಿ ಗಂಟು. ಗುಂಡಗೆ ಇರಲಿಲ್ಲ. ಸುತ್ತಲೂ ಸಣ್ಣ ಸಣ್ಣ ಮುಳ್ಳು. ಎರೆ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ನೆಗ್ಗಿಲಮುಳ್ಳು ಗೊತ್ತಲ್ವಾ, ಥೇಟ್ ಹಾಗೆ. ಕ್ಯಾನ್ಸರ್ ಬೇರು ಬಿಟ್ಟಿದೆ ಅಂತ ಎಲ್ಲರೂ ಅಂದರು. ಚಿಗವ್ವ ಅಂತೂ "ಸೂಜಿ ಚುಚ್ಚಸಬ್ಯಾಡ್ರಿ, ಚುಚ್ಚಿದ್ರ ಮೈತುಂಬ ಹಬ್ಬತೈತಿ" ಎಂದು ಅಳತೊಡಗಿದಳು.

ಬೇರು ಎನ್ನುವ ಮಾತು ನಮ್ಮನ್ನು ದಾರಿ ತಪ್ಪಿಸುತ್ತದೆ. ಕೆಲವು ಮುಳ್ಳುಗಳಲ್ಲಿ ಕ್ಯಾನ್ಸರ್ ಕೋಶ ಹೊರಚಾಚಿರುತ್ತವೆ, ನಿಜ. ಆದರೆ ಬಹಳಷ್ಟು ಕಡೆ ಅಲ್ಲಿರುವುದು ನಾರು, ನಮ್ಮ ಮೈಯೇ ನೇಯ್ದ ನಾರು.

ಈಳಿಗೆ ತಾಗಿ ಬೆರಳು ಕೊಯ್ದುಕೊಂಡರೆ ಏನಾಗುತ್ತದೆ ನೋಡಿ. ರಕ್ತ ಸೋರಿ ಹೆಪ್ಪುಗಟ್ಟುತ್ತದೆ. ಕಸ ತೆಗೆಯುವ ಬಿಳಿ ರಕ್ತಕಣ ಬರುತ್ತವೆ. ಆಮೇಲೆ ಫೈಬ್ರೋಬ್ಲಾಸ್ಟ್ ಎಂಬ ನೇಕಾರ ಕೋಶಗಳು ಬಂದು ಕೊಲಾಜೆನ್ ನಾರು ನೇಯುತ್ತವೆ, ಗಾಯದ ಅಂಚುಗಳನ್ನು ಹತ್ತಿರಕ್ಕೆ ಎಳೆಯುತ್ತವೆ, ಕೆಲಸ ಮುಗಿಸಿ ಮರೆಯಾಗುತ್ತವೆ. ಗಾಯ ಮಾಯುತ್ತದೆ. ಕ್ಯಾನ್ಸರ್ ಗಂಟು ಇದೇ ಏರ್ಪಾಡನ್ನು ಕರೆಸಿಕೊಳ್ಳುತ್ತದೆ. ಅದು ಹೊರಬಿಡುವ ವಿಇಜಿಎಫ್ ಎಂಬ ಪ್ರೋಟೀನಿನಿಂದ ಸುತ್ತಲಿನ ರಕ್ತನಾಳ ಸೋರುತ್ತವೆ. ಸೋರಿದ್ದು ಹೆಪ್ಪುಗಟ್ಟುತ್ತದೆ. ಎಲ್ಲೋ ಗಾಯವಾಗಿದೆ ಅಂತ ಮೈ ತಿಳಿದುಕೊಳ್ಳುತ್ತದೆ. ರಿಪೇರಿಯವರು ಬರುತ್ತಾರೆ, ಆದರೆ ಕೆಲಸ ಮುಗಿಯುವುದೇ ಇಲ್ಲ. ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗಂಟುಗಳನ್ನು ಮಾಯದ ಗಾಯ ಎಂದು ಕರೆದರು. ಅವರಿಗಿಂತ ಎಷ್ಟೋ ಮೊದಲು, 1863ರಲ್ಲೇ, ಜರ್ಮನಿಯ ವೈದ್ಯ ವಿರ್ಖೋ ಗಂಟಿನೊಳಗೆ ಬಿಳಿ ರಕ್ತಕಣ ಕಂಡು ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿದೆ ಎಂದಿದ್ದರು.

ನನಗೆ ತುಂಬಾ ಹಿಡಿಸುವುದು ಈ ನೇಕಾರ ಕೋಶದ ಕಥೆ. ಬೆಟಗೇರಿಯ ಕೈಮಗ್ಗ ನೆನಪಿಸಿಕೊಳ್ಳಿ. ಸೀರೆ ಮುಗಿದ ಮೇಲೆ ಮಗ್ಗ ನಿಲ್ಲುತ್ತದೆ. ಇಲ್ಲಿ ಟಿಜಿಎಫ್-ಬೀಟಾ ಎಂಬ ಸಂದೇಶ ಬರುತ್ತಲೇ ಇರುತ್ತದೆ, ನೇಯ್ಗೆ ನಡೆಯುತ್ತಲೇ ಇರುತ್ತದೆ. ಜೊತೆಗೆ ಈ ಕೋಶಗಳೊಳಗೆ ಸ್ನಾಯುವಿನಲ್ಲಿರುವಂಥ ಎಳೆಗಳು ಬೆಳೆಯುತ್ತವೆ, ಅವು ಎಳೆಯತೊಡಗುತ್ತವೆ. ಕೌದಿ ಹೊಲಿಯುವಾಗ ದಾರ ಜಾಸ್ತಿ ಬಿಗಿ ಮಾಡಿದರೆ ಸುತ್ತಲಿನ ಬಟ್ಟೆ ನೆರಿಗೆಯಾಗಿ ಆ ಜಾಗಕ್ಕೆ ಸೇರಿಕೊಳ್ಳುತ್ತದೆ ಅಲ್ವಾ? ಶ್ವಾಸಕೋಶದಲ್ಲೂ ಅದೇ. ಸುತ್ತಲಿನ ತೆಳು ಪರದೆಗಳು ಗಂಟಿನ ಕಡೆ ಎಳೆದುಕೊಂಡು ಮುಳ್ಳಿನಂತೆ ಕಾಣುತ್ತವೆ. ಹೊರಪೊರೆ ಒಳಕ್ಕೆ ಜಗ್ಗಿ ಗುಳಿ ಬೀಳುತ್ತದೆ. ಧಾರವಾಡದ ಕಡೆ ಮಾವಿನ ಮರಕ್ಕೆ ಬಂದಳಿಕೆ ಹತ್ತಿದಾಗ ಅದು ಕಚ್ಚಿಕೊಂಡ ಕಡೆ ಟೊಂಗೆ ಊದಿ ಗಂಟಾಗಿರುತ್ತದೆ. ಆ ಊತದ ಕಟ್ಟಿಗೆ ಬಹುಪಾಲು ಮಾವಿನದೇ, ಈ ಗಂಟಿನ ನಾರು ನಮ್ಮ ಮೈಯದೇ ಆದ ಹಾಗೆ.

ಶ್ವಾಸಕೋಶ ಬೇರೆ ಅಂಗಗಳ ಹಾಗಲ್ಲ. ಅದು ಕೋಟಿಗಟ್ಟಲೆ ಗಾಳಿಚೀಲಗಳ ಜೇನುಹಲ್ಲೆ. ಕೆಲವು ಕ್ಯಾನ್ಸರ್ ಕೋಶಗಳು ಶುರುವಿನಲ್ಲಿ ಗೋಡೆ ಒಡೆಯದೆ, ಗೋಡೆಗುಂಟ ಸುಮ್ನೆ ಹಬ್ಬುತ್ತವೆ. ಚೀಲದಲ್ಲಿ ಗಾಳಿ ಇನ್ನೂ ಆಡುತ್ತಿರುತ್ತದೆ. ಸ್ಕ್ಯಾನಿನಲ್ಲಿ ಮಂಜು ಹಿಡಿದ ಗಾಜಿನಂತೆ ಕಾಣುತ್ತದೆ, ಮುಳ್ಳಿಲ್ಲ, ಎಳೆತವಿಲ್ಲ. ಜಪಾನಿನ ವೈದ್ಯ ನೊಗುಚಿ ಮತ್ತು ಸಂಗಡಿಗರು 1995ರಲ್ಲಿ 2 ಸೆಂಟಿಮೀಟರಿಗಿಂತ ದೊಡ್ಡದಲ್ಲದ 236 ಗಂಟುಗಳನ್ನು ಹೀಗೆ ವಿಂಗಡಿಸಿದರು. ಗೋಡೆಗುಂಟ ಹಬ್ಬಿದ್ದು, ನೇಕಾರ ಕೋಶಗಳ ಗದ್ದಲ ಇಲ್ಲದ ಗಂಟು ತೆಗೆಸಿಕೊಂಡವರು ಐದು ವರ್ಷವಾದ ಮೇಲೂ ಎಲ್ಲರೂ ಬದುಕಿದ್ದರು. ಅದೇ ಥರ ಹಬ್ಬಿದ್ದರೂ ನೇಯ್ಗೆ ಜೋರಾಗಿದ್ದವರಲ್ಲಿ ನಾಲ್ವರಲ್ಲಿ ಮೂವರಷ್ಟೇ. ಕ್ಯಾನ್ಸರ್ ಕೋಶದ ಜೊತೆಗೆ ಸುತ್ತಲಿನ ಮೈ ಏನು ಮಾಡುತ್ತಿದೆ ಎಂದು ನೋಡಿಯೇ ಇದನ್ನು ಹೇಳಲಾಯಿತು!

ಇಲ್ಲೊಂದು ಹಳೆಯ ಜಗಳವಿದೆ. ಗಂಟಿನ ನಡುವೆ ಕಲೆ ಕಂಡ ವೈದ್ಯರು ದಶಕಗಳ ಕಾಲ, ಟಿಬಿಯಂಥ ಹಳೆಯ ಗಾಯದ ಕಲೆಯಲ್ಲೇ ಕ್ಯಾನ್ಸರ್ ಹುಟ್ಟುತ್ತದೆ ಎಂದು ನಂಬಿದ್ದರು. 1980ರ ದಶಕದಲ್ಲಿ ಆ ಕಲೆಯ ಕೊಲಾಜೆನ್ ಪರೀಕ್ಷಿಸಿದಾಗ, ಅದರಲ್ಲಿ ಹೊಸ ಗಾಯದಲ್ಲಿ ಸಿಗುವ ಬಗೆಯದೇ ಕಂಡುಬಂತು. ಅಂದರೆ ಹೆಚ್ಚಿನವರಲ್ಲಿ ಗಂಟು ಮೊದಲು, ಕಲೆ ಆಮೇಲೆ. ಶ್ವಾಸಕೋಶ ನಾರುಗಟ್ಟುವ ರೋಗ ಇದ್ದವರಿಗೆ ಕ್ಯಾನ್ಸರ್ ಅಪಾಯ ಜಾಸ್ತಿ ಎನ್ನುವುದೂ ನಿಜವೇ, ಹಾಗಾಗಿ ಹಳಬರು ಪೂರ್ತಿ ತಪ್ಪಿರಲಿಲ್ಲ. ನಮ್ಮ ಕಾಕಾನಿಗೂ, ಕಫದಲ್ಲಿ ಕ್ರಿಮಿ ಸಿಗದಿದ್ದರೂ, ಒಂದು ಕಡೆ ಟಿಬಿ ಎಂದು ನಾಲ್ಕು ತಿಂಗಳು ಗುಳಿಗೆ ನುಂಗಿಸಿದ್ದರು. ಆ ನಾಲ್ಕು ತಿಂಗಳ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಹಾಗಾದರೆ ಈ ನಾರನ್ನೆಲ್ಲ ಕಿತ್ತುಹಾಕಿದರೆ ಆಯಿತಲ್ಲ ಎಂದು ಅನ್ನಿಸುತ್ತದೆ. ನಾರಿನ ಗೋಡೆ ಕ್ಯಾನ್ಸರ್ ಕೊಲ್ಲಬಲ್ಲ ಟಿ ಕೋಶಗಳನ್ನು ಹೊರಗೇ ತಡೆಯುವುದುಂಟು. ಆದರೆ 2014ರಲ್ಲಿ ಇಲಿಗಳ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ನೇಕಾರ ಕೋಶಗಳನ್ನು ತೆಗೆದಾಗ ರೋಗ ಇನ್ನೂ ಉಗ್ರವಾಯಿತು. ಹೊಲದ ಬೇಲಿ ದನವನ್ನು ಒಳಗೆ ಬಿಡುವುದಿಲ್ಲ, ಒಳಗೆ ಸಿಕ್ಕಿದ್ದನ್ನು ಹೊರಗೂ ಬಿಡುವುದಿಲ್ಲ. ಇದೂ ಹಾಗೆ.

ಇನ್ನು ಸೂಜಿ. ಸೂಜಿ ಚುಚ್ಚಿ ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಿಂದ ಶ್ವಾಸಕೋಶದ ಕ್ಯಾನ್ಸರ್ ಸೂಜಿಯ ದಾರಿಗುಂಟ ಹರಡುವುದು ತೀರಾ ಅಪರೂಪ. ಈ ಹೆದರಿಕೆಯಿಂದ ತಿಂಗಳುಗಟ್ಟಲೆ ಮಂತ್ರ, ಲೇಪ ಅಂತ ಅಲೆದು ಕೈಮೀರಿದ ಮೇಲೆ ಆಸ್ಪತ್ರೆಗೆ ಬರುವವರನ್ನು ಕಂಡು ನನಗೆ ಸಂಕಟವಾಗುತ್ತದೆ. ನಿಜವಾದ ತೊಡಕು ಬೇರೆಯೇ ಇದೆ. ಸೂಜಿ ನಾರಿಗೆ ಹೋಗಿ ನಿಂತರೆ ಬರೀ ನಾರೇ ಬರುತ್ತದೆ. ಕಾಕಾನ ಮೊದಲ ರಿಪೋರ್ಟಿನಲ್ಲಿ ನಾರು ಮತ್ತು ಉರಿಯೂತ ಇದೆ, ಕ್ಯಾನ್ಸರ್ ಕೋಶ ಕಂಡಿಲ್ಲ ಎಂದಿತ್ತು. ಚಿಗವ್ವ ಸಿದ್ಧಾರೂಢ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಡಾಕ್ಟರು ಮಾತ್ರ ಫಿಲ್ಮಿನ ಮುಳ್ಳು ತೋರಿಸಿ, ಇನ್ನೊಮ್ಮೆ, ಈ ಸಲ ಗಂಟಿನ ಬೇರೆ ಭಾಗದಿಂದ ತೆಗೆಯಬೇಕು ಎಂದು ಹಟ ಹಿಡಿದರು. ಶಾವಿಗೆ ತುಂಡಿನಂಥ ನಾಲ್ಕು ಎಳೆ ಸಣ್ಣ ಬಾಟಲಿಗೆ ಬಿದ್ದವು.

ವಾರದ ನಂತರ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನಲ್ಲಿ ನನಗೂ ನೋಡಲು ಬಿಟ್ಟರು. ಬಣ್ಣ ಹಾಕಿದ ತುಂಡಿನ ತುಂಬ ಗುಲಾಬಿ ನಾರಿನ ಪಟ್ಟಿಗಳು. ಅವುಗಳ ಸಂದಿಯಲ್ಲಿ ಅಲ್ಲಲ್ಲಿ ನೇರಳೆ ಕೋಶಗಳ ಪುಟ್ಟ ಗುಂಪುಗಳು, ಅಷ್ಟೇ ಕ್ಯಾನ್ಸರ್. ಗುಲಾಬಿಯೇ ಜಾಸ್ತಿ ಇತ್ತು. ಮರುಸೋಮವಾರ ಕೀಮೋ ಶುರು ಮಾಡಿದರು.